ಊಟ ಬಿಟ್ಟ ಮಗುವಿಗೆ ಮೊದಲ ಔಷಧಿ ಊಟವೇ

ಊಟ ಬಿಟ್ಟ ಹದಿಹರೆಯದ ಮಗಳನ್ನೋ ಮಗನನ್ನೋ ಕರೆದುಕೊಂಡು ನನ್ನ ಬಳಿಗೆ ಬರುವ ತಂದೆತಾಯಿಯರು ಸಾಮಾನ್ಯವಾಗಿ ಎರಡು ಪ್ರಶ್ನೆ ಕೇಳುತ್ತಾರೆ. “ನಾವು ಎಲ್ಲಿ ತಪ್ಪಿದೆವು, ಡಾಕ್ಟ್ರೇ?” ಎಂಬುದು ಮೊದಲನೆಯದು. “ನೀವೇ ಸ್ವಲ್ಪ ಬುದ್ಧಿ ಹೇಳಿದರೆ ಸರಿಹೋಗಬಹುದೇ?” ಎಂಬುದು ಎರಡನೆಯದು. ತೂಕ ಹೆಚ್ಚುವ ಭಯದಿಂದ ಊಟ ಬಿಡುವ, ಅನೊರೆಕ್ಸಿಯಾ ಎಂಬ ಈ ಕಾಯಿಲೆಗೆ ಅವರು ಕಾರಣರಲ್ಲ, ಬುದ್ಧಿಮಾತಿಗೆ ಅದು ಬಗ್ಗುವುದೂ ಇಲ್ಲ ಎಂದು ವಿವರಿಸುವುದರಲ್ಲೇ ಮೊದಲ ಭೇಟಿಯ ಬಹುಪಾಲು ಸಮಯ ಕಳೆಯುತ್ತದೆ.

ಬುದ್ಧಿಮಾತು ಏಕೆ ನಾಟುವುದಿಲ್ಲ ಎಂಬುದಕ್ಕೆ ಒಂದು ಹಳೆಯ ಪ್ರಯೋಗವನ್ನು ನಾನು ಅವರಿಗೆ ಹೇಳುತ್ತೇನೆ. ಎರಡನೆಯ ಮಹಾಯುದ್ಧದ ಕೊನೆಯ ದಿನಗಳಲ್ಲಿ, ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದ ಆನ್ಸೆಲ್ ಕೀಸ್ ಅವರು ದೇಹ ಮನಸ್ಸು ಎರಡೂ ಗಟ್ಟಿಯಾಗಿದ್ದ 36 ಯುವಕರನ್ನು ಆಯ್ದು, ಅವರ ಒಪ್ಪಿಗೆಯಿಂದಲೇ ಸುಮಾರು 6 ತಿಂಗಳು ಅರೆಹೊಟ್ಟೆಯಲ್ಲಿ ಇರಿಸಿದರು. ತೂಕ ಕಾಲುಭಾಗದಷ್ಟು ಇಳಿಯುವ ಹೊತ್ತಿಗೆ ಆ ಯುವಕರು ದಿನವಿಡೀ ಊಟದ ಬಗ್ಗೆಯೇ ಯೋಚಿಸುತ್ತಿದ್ದರು, ಅಡುಗೆ ಪುಸ್ತಕಗಳನ್ನು ತಿರುವಿಹಾಕುತ್ತಿದ್ದರು, ತಟ್ಟೆಯಲ್ಲಿದ್ದುದನ್ನು ಗಂಟೆಗಟ್ಟಲೆ ಎಳೆದಾಡುತ್ತಾ ತಿನ್ನುತ್ತಿದ್ದರು. ಗೆಳೆಯರಿಂದ ದೂರವಾಗಿ, ಖಿನ್ನರಾಗಿ, ಸಣ್ಣ ಮಾತಿಗೂ ಸಿಡುಕುತ್ತಿದ್ದರು. ಇದನ್ನು ಕೇಳುವಾಗ ಎಷ್ಟೋ ತಾಯಂದಿರು ತಮ್ಮ ಮಗುವಿನ ಚಿತ್ರವನ್ನೇ ಕಂಡವರಂತೆ ಮೌನವಾಗುತ್ತಾರೆ. ನಾವು ಹಠವೆಂದು, ಅಹಂಕಾರವೆಂದು ಭಾವಿಸುವ ವರ್ತನೆಗಳಲ್ಲಿ ದೊಡ್ಡ ಪಾಲು ಹಸಿದ ಮಿದುಳಿನದು. ಆ ಮಿದುಳಿಗೆ ಆಹಾರ ಸಿಗುವ ಮೊದಲು ಎಷ್ಟು ಒಳ್ಳೆಯ ಮಾತೂ ಒಳಗಿಳಿಯುವುದು ಕಷ್ಟ.

ತೂಕವೊಂದನ್ನೇ ನೋಡಿ ನಿರ್ಧರಿಸುವುದು ವೈದ್ಯರೂ ಮಾಡುವ ತಪ್ಪು. ಮೊದಲು ದಪ್ಪಗಿದ್ದ ಹುಡುಗನೊಬ್ಬ ಕೆಲವೇ ತಿಂಗಳಲ್ಲಿ ಬಹಳಷ್ಟು ತೂಕ ಕಳೆದುಕೊಂಡರೆ ನೋಡುವವರಿಗೆ ಸರಿಯಾಗಿಯೇ ಕಾಣುತ್ತಾನೆ, ಮೆಚ್ಚುಗೆಯನ್ನೂ ಪಡೆಯುತ್ತಾನೆ. ಆದರೆ ಅವನ ಹೃದಯದ ಬಡಿತ ತೀರಾ ನಿಧಾನವಾಗಿರಬಹುದು. ಮುಟ್ಟು ನಿಂತಿರಬೇಕೆಂಬ ಷರತ್ತನ್ನು ಅನೊರೆಕ್ಸಿಯಾದ ಲಕ್ಷಣಗಳ ಪಟ್ಟಿಯಿಂದ 2013ರಲ್ಲಿ ಅಮೆರಿಕದ ಮನೋವೈದ್ಯರ ಕೈಪಿಡಿಯು ಕೈಬಿಟ್ಟದ್ದು ಗಂಡುಮಕ್ಕಳನ್ನು ಗುರುತಿಸುವ ದೃಷ್ಟಿಯಿಂದಲೂ ಒಳ್ಳೆಯದಾಯಿತು. ಮಿತಿಮೀರಿ ತಿಂದು, ಆಮೇಲೆ ವಾಂತಿ ಮಾಡಿಯೋ ಬೇರೆ ರೀತಿಯಲ್ಲೋ ಅದನ್ನು ಕಳೆಯಲು ಹೆಣಗುವ ಕಾಯಿಲೆಯಾದ ಬುಲಿಮಿಯಾದಲ್ಲಂತೂ ತೂಕ ಎಷ್ಟೋ ಸಲ ಸಾಮಾನ್ಯವಾಗಿಯೇ ಇರುತ್ತದೆ. ಊಟವಾದ ಕೂಡಲೇ ಬಚ್ಚಲಿಗೆ ಹೋಗುವುದು, ಕೆನ್ನೆಯ ಕೆಳಗಿನ ಊತ, ಹಲ್ಲಿನ ಹೊರಪದರದ ಸವೆತ ಇವುಗಳಿಂದ ಅದನ್ನು ಊಹಿಸಬೇಕಾಗುತ್ತದೆ. ಪದೇ ಪದೇ ವಾಂತಿ ಮಾಡುವವರಲ್ಲಿ ರಕ್ತದ ಪೊಟ್ಯಾಸಿಯಂ ಕುಸಿದು ಹೃದಯದ ಲಯವೇ ತಪ್ಪಬಹುದು.

ಎಚ್ಚರವಾಗಿರುವಾಗಲೇ ನಾಡಿಬಡಿತ ನಿಮಿಷಕ್ಕೆ 50ಕ್ಕಿಂತ ಕಡಿಮೆಯಿದ್ದರೆ, ಎದ್ದು ನಿಂತಾಗ ಕಣ್ಣು ಕತ್ತಲಿಟ್ಟು ಬೀಳುವಂತಾದರೆ, ನೀರನ್ನೂ ನಿರಾಕರಿಸಿದರೆ ಅಥವಾ ಸಾಯುವ ಮಾತಾಡಿದರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ. ಬಹಳ ದಿನ ಉಪವಾಸವಿದ್ದ ದೇಹಕ್ಕೆ ಮತ್ತೆ ಆಹಾರ ಕೊಡುವ ಮೊದಲ ದಿನಗಳಲ್ಲಿ ರಕ್ತದ ಫಾಸ್ಫೇಟ್ ಹಠಾತ್ತನೆ ಇಳಿಯುವ ಅಪಾಯವಿರುವುದರಿಂದ, ತೀವ್ರವಾಗಿ ಬಳಲಿದ ಮಕ್ಕಳಿಗೆ ವೈದ್ಯರ ಕಣ್ಗಾವಲಿನಲ್ಲೇ ಊಟ ಆರಂಭಿಸಬೇಕು.

ಆ ಅಪಾಯ ದಾಟಿದ ಮೇಲೆ ಹೆಚ್ಚಿನ ಮಕ್ಕಳ ಚಿಕಿತ್ಸೆ ಮನೆಯಲ್ಲೇ ನಡೆಯುತ್ತದೆ. ಲಂಡನ್ನಿನ ಮಾಡ್ಸ್ಲಿ ಆಸ್ಪತ್ರೆಯಲ್ಲಿ ರೂಪುಗೊಂಡ ಕುಟುಂಬ ಆಧಾರಿತ ಚಿಕಿತ್ಸೆಯು ಹದಿಹರೆಯದವರ ಅನೊರೆಕ್ಸಿಯಾಕ್ಕೆ ಇಂದು ಅತಿ ಹೆಚ್ಚು ಆಧಾರವಿರುವ ವಿಧಾನ. ಏನು, ಎಷ್ಟು, ಯಾವಾಗ ತಿನ್ನಬೇಕೆಂಬ ನಿರ್ಧಾರವನ್ನು ಮೊದಲ ಹಂತದಲ್ಲಿ ತಂದೆತಾಯಿಯರೇ ಪೂರ್ತಿಯಾಗಿ ವಹಿಸಿಕೊಂಡು, ಪ್ರತಿ ಊಟಕ್ಕೂ ಪಕ್ಕದಲ್ಲಿ ಕೂರುತ್ತಾರೆ. ಮಗು ಅಳುತ್ತದೆ, ಬೈಯುತ್ತದೆ. ಆಗ ಕ್ಯಾಲೊರಿಯ ಲೆಕ್ಕಕ್ಕೆ, ವಾದಕ್ಕೆ ಇಳಿಯದೆ “ನಿನಗೆ ಎಷ್ಟು ಕಷ್ಟವೆಂದು ಗೊತ್ತು, ಇದನ್ನು ತಿನ್ನು ಕಂದ, ನಾನು ಇಲ್ಲೇ ಇರುತ್ತೇನೆ” ಎಂದಷ್ಟೇ ಹೇಳಿ ಕೂತಿರಬೇಕು. ಇದಕ್ಕಿಂತ ಕಠಿಣವಾದ ಶುಶ್ರೂಷೆಯನ್ನು ನಾನು ಕಂಡಿಲ್ಲ. ತೂಕ ಚೇತರಿಸಿದಂತೆ ಆ ಹೊಣೆಯನ್ನು ಸ್ವಲ್ಪಸ್ವಲ್ಪವಾಗಿ ಮಗುವಿಗೆ ಮರಳಿಸುತ್ತಾರೆ.

ಅನೊರೆಕ್ಸಿಯಾವನ್ನು ಮಾತ್ರೆಯೊಂದೇ ಗುಣಪಡಿಸಲಾರದು. ಜೊತೆಗಿರುವ ಖಿನ್ನತೆಗೋ ಆತಂಕಕ್ಕೋ ಕೆಲವೊಮ್ಮೆ ಔಷಧಿ ಬೇಕಾಗಬಹುದು. ಬುಲಿಮಿಯಾಕ್ಕೆ ನಿಗದಿತ ಹೊತ್ತಿನ ಊಟವನ್ನು ಮರಳಿ ಕಲಿಸುವ ಅರಿವಿನ ವರ್ತನಾ ಚಿಕಿತ್ಸೆಯೂ ಉಪಯುಕ್ತ.

ತೂಕ ಸರಿಹೋದ ವಾರವೇ ಚಿಕಿತ್ಸೆ ನಿಲ್ಲಿಸುವ ಕುಟುಂಬಗಳನ್ನು ಕಂಡಾಗ ನನಗೆ ಕಳವಳವಾಗುತ್ತದೆ. ದೇಹ ತುಂಬಿಕೊಂಡ ಎಷ್ಟೋ ತಿಂಗಳ ನಂತರವೂ ತಟ್ಟೆಯ ಮುಂದೆ ಕೂತ ಮಗುವಿನೊಳಗೆ ಅದೇ ಭಯ ಉಳಿದಿರುತ್ತದೆ. ಹೊರಗಿನಿಂದ ಅದು ಯಾರಿಗೂ ಕಾಣುವುದಿಲ್ಲ.