ನಡಿಗೆಯ ವೇಗದಲ್ಲಿ ಓಡುವ ಕಾರು

ಕಾರು ಸ್ಪಷ್ಟವಾಗಿ, ಅಕ್ಕಪಕ್ಕದ ಸಿಲ್ವರ್ ಓಕ್ ಮರಗಳೆಲ್ಲ ಉದ್ದುದ್ದ ಗೆರೆಗಳಾಗಿ ಕಾಣುವ ಚಿತ್ರ ನೋಡಿದವರು ಮೊದಲು ಕೇಳುವುದು ಒಂದೇ: "ಎಷ್ಟು ಸ್ಪೀಡಲ್ಲಿ ಹೋಗ್ತಿತ್ತು ಅಣ್ಣ?" ಉತ್ತರ ಹೇಳಿದರೆ ನಂಬುವುದಿಲ್ಲ. ನಾನು ತೆಗೆಯುವ ಇಂಥ ಚಿತ್ರಗಳಲ್ಲಿ ಕಾರಿನ ವೇಗ ಗಂಟೆಗೆ 5 ಕಿ.ಮೀ. ಆಸುಪಾಸು. ನಾವು ನಡೆಯುವ ವೇಗ. ಕ್ಯಾಮೆರಾವನ್ನು ಕಾರಿಗೇ ಕಟ್ಟಿರುತ್ತೇನೆ, ಅದು ಕಾರಿನ ಜೊತೆಗೇ ಸಾಗುವುದರಿಂದ ಕಾರು ಸ್ಪಷ್ಟ, ಹಿನ್ನೆಲೆ ಮಾತ್ರ ಗೆರೆ. ಎಷ್ಟೋ ಸಲ ಎಂಜಿನ್ ಕೂಡ ಆಫ್ ಆಗಿರುತ್ತದೆ, ಹಿಂದಿನಿಂದ ಮೂರ್ನಾಲ್ಕು ಜನ ತಳ್ಳುತ್ತಿರುತ್ತಾರೆ.

ಇದನ್ನು ಒತ್ತಿ ಹೇಳಲು ಕಾರಣವಿದೆ. ಬಾನೆಟ್ ಮೇಲೆ ಕ್ಯಾಮೆರಾ ಅಂಟಿಸಿಕೊಂಡು ಸಂಪಾಜೆ ಘಾಟಿಯಲ್ಲೋ ಮಾಕುಟ್ಟದ ತಿರುವುಗಳಲ್ಲೋ ಜೋರಾಗಿ ಓಡಿಸುವ ಹುಡುಗರನ್ನು ನೋಡಿದಾಗ ಎದೆ ಧಸಕ್ಕೆನ್ನುತ್ತದೆ. ಅಪಾಯ ಅವರಿಗೆ ಮಾತ್ರ ಅಲ್ವಲ್ಲ, ಎದುರಿಗೆ ಬರುವ ಬಸ್ಸಿಗೂ ಸ್ಕೂಟರಿನವರಿಗೂ ಇದೆ. ಅಷ್ಟು ಮಾಡಿದರೂ ಚಿತ್ರ ಅಲುಗಿ ಹಾಳಾಗಿರುತ್ತದೆ.

ಲೆಕ್ಕ ಸುಲಭ. ಹಿನ್ನೆಲೆ ಎಷ್ಟು ಎಳೆದಂತೆ ಕಾಣಬೇಕು ಎನ್ನುವುದನ್ನು ವೇಗ ಒಂದೇ ತೀರ್ಮಾನಿಸುವುದಿಲ್ಲ. ಕ್ಯಾಮೆರಾದೊಳಗೆ ಬೆಳಕು ಬಿಡುವ ಬಾಗಿಲು, ಅಂದರೆ ಶಟರ್, ತೆರೆದಿರುವಷ್ಟು ಹೊತ್ತಿನಲ್ಲಿ ಕಾರು ಎಷ್ಟು ದೂರ ಸಾಗಿತು ಎನ್ನುವುದು ಮುಖ್ಯ. ಗಂಟೆಗೆ 5 ಕಿ.ಮೀ. ಅಂದರೆ ಸೆಕೆಂಡಿಗೆ ಸುಮಾರು 1.4 ಮೀಟರ್. ಶಟರ್ 2 ಸೆಕೆಂಡ್ ತೆರೆದಿದ್ದರೆ ಕಾರು 2.8 ಮೀಟರ್ ಸಾಗುತ್ತದೆ. 60 ಕಿ.ಮೀ. ವೇಗದಲ್ಲಿ ಸೆಕೆಂಡಿನ ಆರನೇ ಒಂದು ಭಾಗ ಶಟರ್ ತೆರೆದರೂ ಸಾಗುವುದು ಅಷ್ಟೇ ದೂರ. ಹಿನ್ನೆಲೆಯ ಗೆರೆಗಳೂ ಅಷ್ಟೇ ಉದ್ದ. ಸಾಮಾನ್ಯ ಕಾರಿನ ಟೈರಿನ ಸುತ್ತಳತೆ 2 ಮೀಟರ್ ಹತ್ತಿರ ಇರುತ್ತದೆ. ಹಾಗಾಗಿ 2.8 ಮೀಟರ್ ಸಾಗುವಷ್ಟರಲ್ಲಿ ಚಕ್ರ ಒಂದು ಸುತ್ತು ಮುಗಿಸಿ ಇನ್ನೊಂದರಲ್ಲಿರುತ್ತದೆ. ವೀಲಿನ ಕಡ್ಡಿಗಳೆಲ್ಲ ಕರಗಿ ಹೋಗಿರುತ್ತವೆ.

"ಕಂಪ್ಯೂಟರಿನಲ್ಲೇ ಬ್ಲರ್ ಹಾಕಬಹುದಲ್ವಾ?" ಎನ್ನುವವರಿದ್ದಾರೆ. ಹಾಕಬಹುದು. ಆದರೆ ಬಾಗಿಲಿನ ಮೇಲಿನ ಪ್ರತಿಬಿಂಬ ನೋಡಿ. ನಿಜವಾಗಿ ಸಾಗಿದ ಕಾರಿನ ಬಣ್ಣದಲ್ಲಿ ಮರ, ಬೇಲಿ, ಆಕಾಶ ಎಲ್ಲವೂ ಹರಿದು ಹೋಗಿರುತ್ತವೆ. ನಿಲ್ಲಿಸಿದ ಕಾರಿನ ಮೇಲೆ ಮರ ಮರವಾಗಿಯೇ ನಿಂತಿರುತ್ತದೆ, ಹಿನ್ನೆಲೆ ಮಾತ್ರ ಓಡುತ್ತಿರುತ್ತದೆ. ನೋಡುವವರಿಗೆ ಏನು ತಪ್ಪಾಗಿದೆ ಎಂದು ಹೇಳಲು ಬರದಿದ್ದರೂ ಕಣ್ಣು ಅದನ್ನು ಒಪ್ಪುವುದಿಲ್ಲ. ಈ ಒಂದು ಕಾರಣಕ್ಕೇ ನಾನು ರಿಗ್ ಕಟ್ಟುವ ಕಷ್ಟ ಪಡುತ್ತೇನೆ.

ರಿಗ್ ಅಂದರೆ ಒಂದು ಅಲ್ಯೂಮಿನಿಯಂ ಪೈಪು, ಪಂಪಿನಿಂದ ಗಾಳಿ ಎಳೆದು ಅಂಟಿಸುವ ಸಕ್ಷನ್ ಕಪ್‌ಗಳು, ಕ್ಲ್ಯಾಂಪ್‌ಗಳು. ಪೈಪಿನ ತುದಿಯಲ್ಲಿ ಕ್ಯಾಮೆರಾ. ಇಲ್ಲಿ ಎಲ್ಲರೂ ಕಪ್ ಎಷ್ಟು ಗಟ್ಟಿ ಎಂದು ನೋಡುತ್ತಾರೆ. ಕಪ್‌ಗಳ ನಡುವಿನ ಅಂತರ ಅದಕ್ಕಿಂತ ಮುಖ್ಯ. ಒಂದೂವರೆ ಕೆ.ಜಿ. ಕ್ಯಾಮೆರಾ ಮುಂದಿನ ಕಪ್ಪಿನಿಂದ 3 ಮೀಟರ್ ಆಚೆ ತೂಗುತ್ತಿದೆ, ಎರಡು ಕಪ್‌ಗಳ ನಡುವೆ ಅರ್ಧ ಮೀಟರ್ ಇದೆ ಎಂದುಕೊಳ್ಳಿ. ಆಗ ಹಿಂದಿನ ಕಪ್ಪನ್ನು ಮೇಲಕ್ಕೆ ಕೀಳುತ್ತಿರುವ ಭಾರ 9 ಕೆ.ಜಿ. ಪೈಪಿನ ತೂಕ ಇನ್ನೂ ಸೇರಿಸಿಲ್ಲ. ಕಪ್‌ಗಳನ್ನು 1 ಮೀಟರ್ ದೂರ ಇಟ್ಟರೆ ಅದು ನಾಲ್ಕೂವರೆಗೆ ಇಳಿಯುತ್ತದೆ. ಮೂರನೇ ಕಪ್ಪೊಂದನ್ನು ಪಕ್ಕಕ್ಕೆ ಕೊಟ್ಟರೆ ಪೈಪು ಅಡ್ಡಡ್ಡ ಅಲ್ಲಾಡುವುದೂ ನಿಲ್ಲುತ್ತದೆ.

ಕಪ್ ಕೂರಿಸಲು ಗಾಜು ಒಳ್ಳೆಯದು. ಬಾನೆಟ್ ಆದರೆ ಕೆಳಗೆ ಚೌಕಟ್ಟು ಇರುವ ಅಂಚಿನ ಕಡೆ ಕೂರಿಸಿ, ನಡುವಿನ ತೆಳು ತಗಡು ತಗ್ಗಾಗಬಹುದು. ಪ್ಲಾಸ್ಟಿಕ್ ಬಂಪರ್ ಬೇಡ, ಸ್ಟಿಕರ್ ಅಂಟಿಸಿದ ಜಾಗ ಬೇಡವೇ ಬೇಡ. ನಮ್ಮ ಕೊಡಗಿನಲ್ಲಿ ಬೆಳಿಗ್ಗೆ ಕಾರಿನ ಮೇಲೆಲ್ಲ ಇಬ್ಬನಿ, ಅದರ ಅಡಿಯಲ್ಲಿ ತೋಟದ ರಸ್ತೆಯ ಕೆಂಪು ಧೂಳು. ಸುಮ್ನೆ ಬಟ್ಟೆಯಲ್ಲಿ ಒರೆಸಿದರೆ ಧೂಳೇ ಬಣ್ಣವನ್ನು ಗೀರುತ್ತದೆ. ಮೊದಲು ನೀರು ಹಾಕಿ ತೊಳೆದು, ಪೂರ್ತಿ ಒಣಗಿಸಿ, ಆಮೇಲೆ ಕಪ್ ಒತ್ತಿ. ಒಂದು ಸಣ್ಣ ಹರಳು ಅಂಚಿಗೆ ಸಿಕ್ಕಿದರೂ ಗಾಳಿ ನುಸುಳುತ್ತದೆ. ಪಂಪಿನ ಕೆಂಪು ಗೆರೆ ಹೊರಗೆ ಕಾಣಿಸಿತೋ, ಅಲ್ಲಿಗೇ ನಿಲ್ಲಿಸಿ ಮತ್ತೆ ಪಂಪ್ ಮಾಡಿ. ಪ್ರತಿ ಕ್ಲಿಕ್ಕಿನ ನಡುವೆಯೂ ಇದನ್ನು ನೋಡಲೇಬೇಕು. ಕ್ಯಾಮೆರಾಕ್ಕೆ ಬೇರೆಯಾಗಿ ಒಂದು ಉಕ್ಕಿನ ತಂತಿ ಕಟ್ಟಿಡಿ.

ಜಾಗ ಸಾರ್ವಜನಿಕ ರಸ್ತೆ ಆಗಬಾರದು. ಮೂರು ಮೀಟರ್ ಪೈಪು ಚಾಚಿಕೊಂಡ ಕಾರು ಅಲ್ಲಿ ಸಲ್ಲದು. ತೋಟದೊಳಗಿನ ಟಾರು ಅಥವಾ ಕಾಂಕ್ರೀಟ್ ರಸ್ತೆಗೆ ಮಾಲೀಕರನ್ನು ಕೇಳಿ. ಕೊಯ್ಲಿನ ತಿಂಗಳುಗಳಲ್ಲಿ ಕೇಳಬೇಡಿ, ಅವರಿಗೆ ಬಿಡುವಿರುವುದಿಲ್ಲ. ಕಾಫಿ ಒಣಗಿಸುವ ಕಣ ನಯವಾಗಿದೆ ಎಂದು ಆಸೆಯಾಗುತ್ತದೆ, ಆದರೆ ಅಲ್ಲಿ ಮರಗಳು ದೂರ. ಗೆರೆ ಉದ್ದ ಬರುವುದು ಹತ್ತಿರದ ವಸ್ತುಗಳಿಗೆ. ಸಿದ್ದಾಪುರ, ತಿತಿಮತಿ ಕಡೆಯ ತೋಟವಾದರೆ ಆನೆ ಬಂದಿದೆಯಾ ಎಂದು ತೋಟದ ಲೆಕ್ಕ, ಕೆಲಸ ನೋಡಿಕೊಳ್ಳುವ ರೈಟರನ್ನು ವಿಚಾರಿಸದೆ ಮುಂಜಾನೆ ಒಳಗೆ ಹೋಗಬೇಡಿ. ಕಾರು ತಳ್ಳುವವರು ನೆಲದ ಮೇಲಿರುತ್ತಾರೆ.

ಇಳಿಜಾರಿನಲ್ಲಿ ಎಂಜಿನ್ ಆಫ್ ಮಾಡಿ ಬಿಟ್ಟುಬಿಡುವ ಆಸೆಯೂ ಬೇಡ. ಎಂಜಿನ್ ನಿಂತಾಗ ಪವರ್ ಸ್ಟೀರಿಂಗ್ ಬಿಗಿಯಾಗುತ್ತದೆ, ಎರಡು ಮೂರು ಸಲ ಒತ್ತಿದ ಮೇಲೆ ಬ್ರೇಕ್ ಕೂಡ ಗಟ್ಟಿಯಾಗುತ್ತದೆ. ಕೀ ತೆಗೆದರಂತೂ ಸ್ಟೀರಿಂಗ್ ಲಾಕ್ ಆಗಬಹುದು. ಸಮತಟ್ಟಾದ ಕಡೆ, ಕೀ ಆನ್ ಇಟ್ಟು ತಳ್ಳಿಸಿ. ಎಲೆಕ್ಟ್ರಿಕ್ ಕಾರಾದರೆ ಎಂಜಿನ್ ಅದುರಿ ಚಿತ್ರ ಅಲುಗುವ ಚಿಂತೆಯೇ ಇಲ್ಲ, ಹಲವು ಮಾದರಿಗಳು ತಾವಾಗಿಯೇ ನಿಧಾನಕ್ಕೆ ಸಾಗುತ್ತವೆ.

ಹಗಲಲ್ಲಿ 2 ಸೆಕೆಂಡ್ ಶಟರ್ ತೆರೆದರೆ ಚಿತ್ರ ಬೆಳ್ಳಗಾಗಿಬಿಡುತ್ತದೆ. ಅದಕ್ಕೆ ಎನ್‌ಡಿ ಫಿಲ್ಟರ್ ಬೇಕು, ಅಂದರೆ ಲೆನ್ಸಿನ ಮುಂದೆ ಹಾಕಿ ಬೆಳಕು ತಗ್ಗಿಸುವ ಕಪ್ಪು ಗಾಜು. ಮೋಡದ ದಿನ ಮರದ ನೆರಳಿನಲ್ಲಿ ಐಎಸ್‌ಒ 100, ಎಫ್ 8ಕ್ಕೆ (ಮೊದಲಿನದು ಬೆಳಕು ಗ್ರಹಿಸುವ ಮಟ್ಟ, ಎರಡನೆಯದು ಲೆನ್ಸಿನ ಕಿಂಡಿಯ ಅಳತೆ) ಸೆಕೆಂಡಿನ 30ನೇ ಒಂದು ಭಾಗ ಸಿಗುತ್ತಿದೆ ಎನ್ನಿ. 6 ಸ್ಟಾಪಿನ (ಒಂದೊಂದು ಸ್ಟಾಪಿಗೂ ಬೆಳಕು ಅರ್ಧವಾಗುತ್ತದೆ) ಎನ್‌ಡಿ ಬೆಳಕನ್ನು 64ನೇ ಒಂದು ಭಾಗಕ್ಕೆ ಇಳಿಸುತ್ತದೆ, ಶಟರ್ 2 ಸೆಕೆಂಡಿಗೆ ಬಂತು. ಫೋಕಸ್ ಮೊದಲೇ ಮಾಡಿ ಮ್ಯಾನುಯಲ್‌ಗೆ ಹಾಕಿ, ಅಲುಗಾಟ ತಡೆಯುವ ಸ್ಟೆಬಿಲೈಸೇಶನ್ ಆಫ್ ಮಾಡಿ, ರಿಮೋಟಿನಿಂದ ಕ್ಲಿಕ್ ಮಾಡಿ.

ಮಂಜಿನ ಬಗ್ಗೆ ಒಂದು ಮಾತು. ಬಂದವರೆಲ್ಲ ಮಂಜು ಬೇಕು ಎನ್ನುತ್ತಾರೆ. ಆದರೆ ದಟ್ಟ ಮಂಜಿನಲ್ಲಿ ಹಿನ್ನೆಲೆಯೆಲ್ಲ ಒಂದೇ ಬಿಳಿ, ಎಳೆಯಲು ಏನೂ ಇರುವುದಿಲ್ಲ. ಕಾರು ನಿಂತಂತೆಯೇ ಕಾಣುತ್ತದೆ. ಕಪ್ಪು ಕಾಂಡ, ಅದರ ಸಂದಿಯಲ್ಲಿ ಬೆಳಕು, ಮೊಗ್ಗು ಅರಳಿಸುವ ಹೂಮಳೆಯ ನಂತರವಾದರೆ ಬಿಳಿ ಕಾಫಿ ಹೂವಿನ ಸಾಲು, ಇವು ಗೆರೆಯಾಗುತ್ತವೆ.

ಪೈಪನ್ನು ಚಿತ್ರದಿಂದ ಅಳಿಸುವುದು ಆಮೇಲಿನ ಕೆಲಸ. ಬಾನೆಟ್ಟಿನ ಬಯಲು ಭಾಗದ ಮೇಲೆ ಅದು ಹಾದುಹೋಗುವಂತೆ ಕಟ್ಟಿದರೆ ಬೇಗ ಮುಗಿಯುತ್ತದೆ. ಗ್ರಿಲ್ ಅಥವಾ ಹೆಡ್‌ಲೈಟ್ ಮುಂದೆ ಬಂದರೆ ತಲೆನೋವು. ರಿಗ್ ಬಿಚ್ಚಿದ ಮೇಲೆ ಅದೇ ಕೋನದಿಂದ ಟ್ರೈಪಾಡ್ ಮೇಲೆ ಪೈಪಿಲ್ಲದ ಒಂದು ಚಿತ್ರ ತೆಗೆದಿಡಿ. ಪೈಪಿನ ಪ್ರತಿಬಿಂಬ ಮುಚ್ಚಲು ಅದೇ ಬೇಕಾಗುತ್ತದೆ.

ಜೂನ್‌ನಿಂದ ಹೊರಗಿನ ರಿಗ್ಗಿಗೆ ರಜೆ. ಆಗ ನಾನು ಕ್ಯಾಮೆರಾವನ್ನು ಕಾರಿನೊಳಗೇ, ಹಿಂದಿನ ಸೀಟಿನ ಹೆಡ್‌ರೆಸ್ಟ್ ಕಂಬಿಗೆ ಕ್ಲ್ಯಾಂಪ್ ಮಾಡುತ್ತೇನೆ, ಚಾಲಕರ ಕನ್ನಡಿಗೆ ಅಡ್ಡ ಬಾರದಂತೆ. ಹೊರಗೇನೂ ಚಾಚುವುದಿಲ್ಲವಾದ್ದರಿಂದ ರಸ್ತೆಯಲ್ಲೇ ತೆಗೆಯಬಹುದು. ಸೆಕೆಂಡಿನ 8ನೇ ಒಂದು ಭಾಗ ಸಾಕು, 40 ಕಿ.ಮೀ. ವೇಗದಲ್ಲಿ ಕಾರು ಸುಮಾರು 1.4 ಮೀಟರ್ ಸಾಗುತ್ತದೆ. ರಿಮೋಟ್ ಮಾತ್ರ ಪಕ್ಕದಲ್ಲಿ ಕೂತವರ ಕೈಯಲ್ಲಿರಲಿ.