ಸರಕಿನ ಚಕ್ಕುಬಂದಿ: ಟ್ರೇಡ್‌ಮಾರ್ಕ್ ಅರ್ಜಿಯಲ್ಲಿ ಸರಕುಗಳ ವಿವರಣೆ ಬರೆಯುವ ಬಗೆ

ಜಮೀನಿನ ಕ್ರಯಪತ್ರ ಓದಿದವರಿಗೆ ಚಕ್ಕುಬಂದಿ ಎಂದರೇನೆಂದು ಬಿಡಿಸಿ ಹೇಳಬೇಕಿಲ್ಲ. ಪೂರ್ವಕ್ಕೆ ಇಂಥವರ ಹೊಲ, ಪಶ್ಚಿಮಕ್ಕೆ ಹಳ್ಳ, ಉತ್ತರಕ್ಕೆ ಬಂಡಿದಾರಿ, ದಕ್ಷಿಣಕ್ಕೆ ಇಂಥವರ ತೋಟ. ಸರ್ವೆ ನಂಬರ್ ಸರಿಯಿದ್ದರೂ ಚಕ್ಕುಬಂದಿ ತಪ್ಪಾಗಿ ಬಿದ್ದರೆ ಒಂದಲ್ಲ ಒಂದು ದಿನ ಕೋರ್ಟಿನ ಮೆಟ್ಟಿಲು ಹತ್ತಬೇಕಾಗುತ್ತದೆ. ವ್ಯಾಪಾರದ ಹೆಸರನ್ನೋ ಲಾಂಛನವನ್ನೋ ತಮ್ಮದೆಂದು ನೋಂದಾಯಿಸಿಕೊಳ್ಳಲು ಹಾಕುವ ಟ್ರೇಡ್‌ಮಾರ್ಕ್ ಅರ್ಜಿಯಲ್ಲಿ ಸರಕುಗಳ ವಿವರಣೆ ಮಾಡುವ ಕೆಲಸವೂ ಇದೇ. 1999ರ ಟ್ರೇಡ್‌ಮಾರ್ಕ್ ಕಾಯ್ದೆಯ 28ನೇ ಸೆಕ್ಷನ್ ಕೊಡುವ ಏಕಸ್ವಾಮ್ಯ ಯಾವ ಸರಕುಗಳಿಗೆ ನೋಂದಣಿಯಾಗಿದೆಯೋ ಆ ಸರಕುಗಳ ಮಟ್ಟಿಗೆ ಮಾತ್ರ. ಹೆಸರು ಎಷ್ಟೇ ಸೊಗಸಾಗಿರಲಿ, ಯಾವ ಸರಕಿನ ಮೇಲೆ ಎಂದು ಹೇಳದ ಹೆಸರಿಗೆ ಗಡಿಯಿಲ್ಲ, ಗಡಿಯಿಲ್ಲದ್ದಕ್ಕೆ ಕಾವಲೂ ಇಲ್ಲ.

ಈ ವಿಷಯ ಓದಲು ಕುಳಿತಾಗ ನನ್ನ ಗಮನವೆಲ್ಲ ಹೆಸರು, ಲಾಂಛನ, ಹೋಲಿಕೆ ಇವುಗಳ ಮೇಲೇ ಇತ್ತು. ಸರಕುಗಳ ಕಾಲಂ ಎಂದರೆ ಗುಮಾಸ್ತರು ತುಂಬಿಕೊಳ್ಳುವ ಖಾನೆ ಎಂದುಕೊಂಡಿದ್ದೆ. 2017ರ ಟ್ರೇಡ್‌ಮಾರ್ಕ್ ನಿಯಮಗಳ 37ನೇ ನಿಯಮ ಓದಿದ ದಿನ ಆ ಭಾವನೆ ಹೋಯಿತು. ಅರ್ಜಿ ಸಲ್ಲಿಸಿದ ಮೇಲೆ ತಿದ್ದುಪಡಿ ಕೇಳಬಹುದು. ಆದರೆ ಮೊದಲ ಅರ್ಜಿಯಲ್ಲಿ ಇರದಿದ್ದ ಸರಕುಗಳನ್ನು ಹೊಸದಾಗಿ ತುರುಕುವಂಥ ತಿದ್ದುಪಡಿಗೆ ಅವಕಾಶವಿಲ್ಲ. ಅಂದರೆ ಪಟ್ಟಿಯನ್ನು ಕುಗ್ಗಿಸಬಹುದು, ಹಿಗ್ಗಿಸಲಾಗದು. ಬಿಟ್ಟುಹೋದ ಸರಕಿಗೆ ಹೊಸ ಅರ್ಜಿ, ಹೊಸ ಶುಲ್ಕ, ಎಲ್ಲಕ್ಕಿಂತ ಮುಖ್ಯವಾಗಿ ಹೊಸ ದಿನಾಂಕ. ಆ ನಡುವೆ ಬೇರೆ ಯಾರಾದರೂ ಅದೇ ಹೆಸರಿನಲ್ಲಿ ಅರ್ಜಿ ಹಾಕಿದ್ದರೆ ಅವರೇ ಮುಂದೆ, ನಾವು ಹಿಂದೆ. ಈ ಒಂದು ಮಾತನ್ನು ಮನಸ್ಸಿನಲ್ಲಿಟ್ಟುಕೊಂಡು ಉಳಿದದ್ದನ್ನು ಓದಿ.

ವರ್ಗ ಎಂಬುದು ಹೋಬಳಿಯಷ್ಟೇ

ಸರಕು ಮತ್ತು ಸೇವೆಗಳನ್ನು ನೀಸ್ ವರ್ಗೀಕರಣ 45 ವರ್ಗಗಳಾಗಿ ವಿಂಗಡಿಸಿದೆ. 1ರಿಂದ 34 ಸರಕುಗಳು, 35ರಿಂದ 45 ಸೇವೆಗಳು. ಫ್ರಾನ್ಸಿನ ನೀಸ್ ನಗರದಲ್ಲಿ 1957ರಲ್ಲಿ ಆದ ಒಪ್ಪಂದ ಇದರ ಮೂಲ. ಭಾರತ ಆ ಒಪ್ಪಂದಕ್ಕೆ ಸೇರಿದ್ದು 2019ರಲ್ಲಿ. ವರ್ಗದ ಸಂಖ್ಯೆ ಆಡಳಿತದ ಅನುಕೂಲಕ್ಕೆ ಇರುವಂಥದ್ದು. ಜಮೀನು ಯಾವ ಹೋಬಳಿಯಲ್ಲಿದೆ ಎಂದು ಅದು ಹೇಳುತ್ತದೆ. ಎಲ್ಲಿಂದ ಎಲ್ಲಿಯವರೆಗೆ ಎಂದು ಹೇಳುವುದು ವಿವರಣೆ. ಒಂದೇ ವರ್ಗದಲ್ಲಿದ್ದ ಮಾತ್ರಕ್ಕೆ ಎರಡು ಸರಕು ಒಂದೇ ಬಗೆಯವಾಗುವುದಿಲ್ಲ. ಬೇರೆ ಬೇರೆ ವರ್ಗದಲ್ಲಿದ್ದ ಮಾತ್ರಕ್ಕೆ ಬೇರೆಯೇ ಎಂದೂ ಆಗುವುದಿಲ್ಲ.

ಜಿಎಸ್‌ಟಿ ಬಿಲ್ಲಿನಲ್ಲಿ ಬರೆಯುವ ಎಚ್‌ಎಸ್‌ಎನ್ ಸಂಖ್ಯೆ ಬೇರೆ, ಇದು ಬೇರೆ. ಅದು ತೆರಿಗೆಯ ಲೆಕ್ಕ. ಎರಡನ್ನೂ ಒಂದೇ ಎಂದು ತಿಳಿದು ಗೊಂದಲಕ್ಕೆ ಬೀಳುವವರು ನಮ್ಮಲ್ಲಿ ಬಹಳ ಮಂದಿ.

ಒಂದು ಗಾಣ, ಐದು ವರ್ಗ

ತಿಪಟೂರಿನ ಕಡೆ ಒಂದು ಮರದ ಗಾಣವಿದೆ ಎಂದಿಟ್ಟುಕೊಳ್ಳಿ. ಕೊಬ್ಬರಿ ಅರೆದು ಎಣ್ಣೆ ತೆಗೆಯುತ್ತಾರೆ, ತಮ್ಮದೊಂದು ಹೆಸರಿಟ್ಟು ಬಾಟಲಿಯಲ್ಲಿ ಮಾರುತ್ತಾರೆ. ಅರ್ಜಿಯಲ್ಲಿ 'ತೆಂಗಿನೆಣ್ಣೆ' ಎಂದು ಬರೆದರೆ ಸಾಲದೇ? ಸಾಲದು. ನೀಸ್ ವರ್ಗೀಕರಣ ಇಲ್ಲಿ ಕೇಳುವ ಪ್ರಶ್ನೆ ಎಣ್ಣೆ ಯಾತರದ್ದು ಎಂಬುದಕ್ಕಿಂತ ಅದು ಯಾತಕ್ಕೆ ಎಂಬುದು.

ಒಗ್ಗರಣೆಗೆ ಹಾಕುವ ಎಣ್ಣೆಯಾದರೆ 29ನೇ ವರ್ಗ. ತಲೆಗೆ ಹಚ್ಚಿಕೊಳ್ಳುವುದಾದರೆ ಸೌಂದರ್ಯಸಾಧನಗಳ 3ನೇ ವರ್ಗ. ಗಿಡಮೂಲಿಕೆ ಹಾಕಿ ಕುದಿಸಿ, ಕೀಲುನೋವಿಗೆಂದು ಔಷಧವಾಗಿ ಮಾರಿದರೆ 5. ದೇವರ ದೀಪಕ್ಕೆಂದೇ ಮಾರುವ ಎಣ್ಣೆ ಇಂಧನ ಮತ್ತು ಬೆಳಕಿನ ಸಾಮಗ್ರಿಗಳ 4ನೇ ವರ್ಗಕ್ಕೆ ಹೋಗುತ್ತದೆ. ಗಾಣದ ಅಡಿಯಲ್ಲಿ ಉಳಿದ ಹಿಂಡಿಯನ್ನು ಚೀಲಕ್ಕೆ ತುಂಬಿ ಅದೇ ಹೆಸರಿನಲ್ಲಿ ದನದ ಮೇವಿಗೆ ಕೊಟ್ಟರೆ 31. ಒಂದೇ ಕೊಟ್ಟಿಗೆಯ ಒಂದೇ ಗಾಣದಿಂದ ಇಳಿದದ್ದು ಕಾಗದದ ಮೇಲೆ ಐದು ಕಡೆ ಚೆದುರಿತು.

ಈಗ ದುಡ್ಡಿನ ಮಾತು. ಅರ್ಜಿ ಟಿಎಂ-ಎ ನಮೂನೆಯಲ್ಲಿ. ಆನ್‌ಲೈನ್‌ನಲ್ಲಿ ಸಲ್ಲಿಸಿದರೆ ವ್ಯಕ್ತಿಗಳಿಗೆ, ಸ್ಟಾರ್ಟಪ್‌ಗಳಿಗೆ, ಸಣ್ಣ ಉದ್ದಿಮೆಗಳಿಗೆ ವರ್ಗವೊಂದಕ್ಕೆ 4,500 ರೂಪಾಯಿ, ಉಳಿದವರಿಗೆ 9,000. ಒಂದೇ ಅರ್ಜಿಯಲ್ಲಿ ಹಲವು ವರ್ಗ ಸೇರಿಸಬಹುದು, ಆದರೆ ಶುಲ್ಕ ವರ್ಗದ ಲೆಕ್ಕದಲ್ಲೇ. ಐದಕ್ಕೆ 22,500. ಗಾಣದವರಿಗೆ ಇದು ಸಣ್ಣ ಮೊತ್ತವಲ್ಲ. ಆದ್ದರಿಂದ ವಿವರಣೆ ಬರೆಯುವ ಮುನ್ನ ಅವರ ಅಂಗಡಿಯ ಕಪಾಟಿನ ಮುಂದೆ ನಿಂತು ಒಂದೊಂದು ಬಾಟಲಿಯನ್ನೂ ಕೈಗೆತ್ತಿಕೊಂಡು ಲೇಬಲ್ ಓದಬೇಕು. ದೀಪದ ಎಣ್ಣೆ ಎಂಬ ಲೇಬಲ್ಲೇ ಇಲ್ಲ, ಗಿರಾಕಿಗಳು ತಾವಾಗಿಯೇ ದೀಪಕ್ಕೆ ಬಳಸುತ್ತಾರೆ ಎಂದಾದರೆ 4ನೇ ವರ್ಗ ಬೇಡ. ಹಿಂಡಿಯನ್ನು ಹೆಸರಿಲ್ಲದ ಗೋಣಿಯಲ್ಲಿ ಕೊಡುತ್ತಿದ್ದರೆ 31 ಬೇಡ. ಮುಂದಿನ ವರ್ಷ ಕೂದಲೆಣ್ಣೆ ತರುವ ಯೋಚನೆ ನಿಜವಾಗಿ ಇದ್ದರೆ 3 ಬೇಕು. ಬಳಸಲು ಉದ್ದೇಶಿಸಿರುವ ಸರಕಿಗೂ ಅರ್ಜಿ ಹಾಕಲು ಕಾಯ್ದೆ ಒಪ್ಪುತ್ತದೆ.

ಹಾಗೆ ನಿಂತು ನೋಡಿ ಬರೆದ ವಿವರಣೆ ಹೀಗಿರಬಹುದು. 29ರಲ್ಲಿ: 'ಅಡುಗೆಗೆ ಬಳಸುವ ತೆಂಗಿನೆಣ್ಣೆ; ಅಡುಗೆಗೆ ಬಳಸುವ ಕಡಲೆಕಾಯಿ ಎಣ್ಣೆ; ಅಡುಗೆಗೆ ಬಳಸುವ ಎಳ್ಳೆಣ್ಣೆ.' 3ರಲ್ಲಿ: 'ಕೂದಲಿಗೆ ಹಚ್ಚುವ ತೆಂಗಿನೆಣ್ಣೆ, ಔಷಧೀಯವಲ್ಲದ್ದು.' ಎರಡೇ ಸಾಲು. ಓದಿದವರಿಗೆ ಬಾಟಲಿ ಕಣ್ಣ ಮುಂದೆ ಬರುತ್ತದೆ. ಇದರ ಬದಲು 'ಎಲ್ಲ ಬಗೆಯ ಎಣ್ಣೆಗಳು ಮತ್ತು ಸಂಬಂಧಪಟ್ಟ ಉತ್ಪನ್ನಗಳು' ಎಂದು ಬರೆದು ನೋಡಿ. ಯಂತ್ರಕ್ಕೆ ಬಿಡುವ ಕೀಲೆಣ್ಣೆಯೂ ಅದರೊಳಗೆ ಬರುತ್ತದೆ, ಅದು 4ನೇ ವರ್ಗದ್ದು. ಅರ್ಜಿ ಪರಿಶೀಲಿಸುವ ಟ್ರೇಡ್‌ಮಾರ್ಕ್ ಕಚೇರಿಯ ಪರೀಕ್ಷಕರು ಆಕ್ಷೇಪ ಎತ್ತದೆ ಬಿಡುವುದಿಲ್ಲ.

ಬಳಕೆಯ ದಿನಾಂಕವನ್ನೂ ಇಲ್ಲೇ ಗಮನಿಸಬೇಕು. ಹಿಂದಿನಿಂದ ಬಳಸುತ್ತಿದ್ದೇವೆ ಎಂದು ಹೇಳಿಕೊಂಡರೆ ಅದಕ್ಕೆ ಪ್ರಮಾಣಪತ್ರ (ಅಫಿಡವಿಟ್) ಮತ್ತು ದಾಖಲೆ ಕೊಡಬೇಕು. ಅಡುಗೆ ಎಣ್ಣೆಯ ಬಿಲ್ಲು ತೋರಿಸಿ, ಇನ್ನೂ ತಯಾರಾಗದ ಕೂದಲೆಣ್ಣೆಗೂ ಅದೇ ದಿನಾಂಕ ಹಾಕಿದರೆ ಪ್ರಮಾಣ ಮಾಡಿ ಸುಳ್ಳು ಹೇಳಿದಂತೆ. ಪಟ್ಟಿ ಉದ್ದವಾದಷ್ಟೂ ಈ ತಪ್ಪು ಗೊತ್ತಿಲ್ಲದೆಯೇ ಆಗುತ್ತದೆ.

ಚಾರ್‌ಮಿನಾರ್ ಮತ್ತು ನಂದಿನಿ

ಹೈದರಾಬಾದಿನ ವಜೀರ್ ಸುಲ್ತಾನ್ ಟೊಬ್ಯಾಕೊ ಕಂಪನಿಯ ಚಾರ್‌ಮಿನಾರ್ ಸಿಗರೇಟನ್ನು ಹಿರಿಯರು ಮರೆತಿರಲಾರರು. ಆ ಹೆಸರಿನ ನೋಂದಣಿ ಇದ್ದದ್ದು 'ತಯಾರಿಸಿದ ತಂಬಾಕು' ಎಂಬ ವಿಶಾಲ ವಿವರಣೆಯಲ್ಲಿ. ಕಂಪನಿ ಮಾಡುತ್ತಿದ್ದದ್ದು ಸಿಗರೇಟು ಮಾತ್ರ. ವಿಷ್ಣುದಾಸ್ ಟ್ರೇಡಿಂಗ್ ಎಂಬ ಸಂಸ್ಥೆ ಅದೇ ಹೆಸರಿನಲ್ಲಿ ಜಗಿಯುವ ತಂಬಾಕಿನ ಬಗೆಗಳಾದ ಜರ್ದಾ, ಕಿವಾಮ್ ಮಾರಲು ನೋಂದಣಿ ಕೇಳಿತು. ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೆ ಹೋಗಿ 1996ರಲ್ಲಿ ತೀರ್ಪಾಯಿತು: ವಿಶಾಲ ವರ್ಗದೊಳಗೆ ಒಂದೇ ಸರಕು ಮಾಡುತ್ತ, ಉಳಿದವನ್ನು ಮಾಡುವ ಪ್ರಾಮಾಣಿಕ ಉದ್ದೇಶವೂ ಇಲ್ಲದವರಿಗೆ ಇಡೀ ವರ್ಗದ ಏಕಸ್ವಾಮ್ಯ ಸಲ್ಲದು. ಕಂಪನಿಯ ನೋಂದಣಿ ಸಿಗರೇಟಿಗೆ ಸೀಮಿತವಾಯಿತು. ಬೇಲಿಯನ್ನು ದೂರ ಹಾಕಿ ಉಳುಮೆ ಮಾಡದೆ ಬಿಟ್ಟ ನೆಲ ಕೈತಪ್ಪಿತು.

ನಮ್ಮದೇ ನೆಲದ ಪ್ರಕರಣ ಇನ್ನೂ ಹತ್ತಿರದ್ದು. ಕರ್ನಾಟಕ ಹಾಲು ಮಹಾಮಂಡಳಿ 1985ರಿಂದ ನಂದಿನಿ ಹೆಸರಿನಲ್ಲಿ ಹಾಲು ಮಾರುತ್ತಿದೆ. ನಂದಿನಿ ಡೀಲಕ್ಸ್ ಹೋಟೆಲ್‌ನವರು 1989ರಿಂದ ಅದೇ ಉಚ್ಚಾರದ, ಇಂಗ್ಲಿಷ್ ಕಾಗುಣಿತ ಬೇರೆಯಾದ ಹೆಸರನ್ನು ಬಳಸುತ್ತಿದ್ದರು. ಹೋಟೆಲ್‌ನವರು 29 ಮತ್ತು 30ನೇ ವರ್ಗದ ತಿನಿಸುಗಳಿಗೆ ನೋಂದಣಿ ಕೇಳಿದಾಗ ಮಹಾಮಂಡಳಿ ವಿರೋಧಿಸಿತು. ನಡುವಿನ ಹಂತಗಳಲ್ಲಿ ಮಹಾಮಂಡಳಿಯೇ ಗೆದ್ದರೂ 2018ರ ಜುಲೈ 26ರಂದು ಸುಪ್ರೀಂ ಕೋರ್ಟ್ ಹೋಟೆಲ್ ಪರವಾಗಿ ತೀರ್ಪು ಕೊಟ್ಟಿತು. ಒಂದು ವರ್ಗದ ಕೆಲವು ಸರಕುಗಳಲ್ಲಿ ಹೆಸರು ಮಾಡಿದ ಮಾತ್ರಕ್ಕೆ ಇಡೀ ವರ್ಗ ತಮ್ಮದೆನ್ನಲಾಗದು ಎಂದಿತು. ಆದರೆ ಹೋಟೆಲ್‌ನ ನೋಂದಣಿಯಿಂದ ಹಾಲು ಮತ್ತು ಹಾಲಿನ ಉತ್ಪನ್ನಗಳನ್ನು ಹೊರಗಿಟ್ಟಿತು.

'ಹಾಲು ಮತ್ತು ಹಾಲಿನ ಉತ್ಪನ್ನಗಳನ್ನು ಹೊರತುಪಡಿಸಿ.' ಈ ನಾಲ್ಕೈದು ಪದಗಳನ್ನು ಮತ್ತೆ ಮತ್ತೆ ಓದಬೇಕೆನಿಸುತ್ತದೆ. ವರ್ಷಗಟ್ಟಲೆ ನಡೆದ ಜಗಳದ ಗಡಿರೇಖೆ ಕೊನೆಗೆ ಸರಕುಗಳ ವಿವರಣೆಯಲ್ಲೇ ಬಿತ್ತು. ಯಾರ ವ್ಯಾಪಾರಕ್ಕೂ ಧಕ್ಕೆಯಾಗದಂತೆ ಹೊರತುಪಡಿಸಿ ಬರೆಯುವುದನ್ನು ಅರ್ಜಿ ಹಾಕುವಾಗಲೇ ಕಲಿತಿದ್ದರೆ ಎಷ್ಟೋ ವಿರೋಧಗಳು ಮೊಳಕೆಯಲ್ಲೇ ನಿಲ್ಲುತ್ತವೆ ಎಂಬುದು ನನ್ನ ಗಟ್ಟಿ ನಂಬಿಕೆ.

ಎಲ್ಲವನ್ನೂ ಬರೆದುಬಿಡುವ ಆಸೆ

ಹಿಗ್ಗಿಸಲಾಗದು ಎಂದಮೇಲೆ ಮೊದಲೇ ಎಲ್ಲವನ್ನೂ ಬರೆದುಬಿಡೋಣ ಎಂದು ಯಾರಿಗಾದರೂ ಅನ್ನಿಸುತ್ತದೆ. ನನಗೂ ಅನ್ನಿಸಿತ್ತು. ಬ್ರಿಟನ್ನಿನ ಸ್ಕೈ ಟೆಲಿವಿಷನ್ ಕಂಪನಿ ಹಾಗೆಯೇ ಮಾಡಿತ್ತು. ಅದರ ನೋಂದಣಿಯ ಪಟ್ಟಿಯಲ್ಲಿ ಬಟ್ಟೆ ಬಿಳುಪಾಗಿಸುವ ಪುಡಿಯಂಥ ಸಾಮಗ್ರಿಯಿಂದ ಹಿಡಿದು ಚಾವಟಿಯವರೆಗೆ ಇದ್ದವು. 2024ರ ನವೆಂಬರ್‌ನಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟ್ ಇಂಥ ಅತಿವಿಸ್ತಾರದ ಪಟ್ಟಿ ಅಪ್ರಾಮಾಣಿಕ ಅರ್ಜಿಯ ಲಕ್ಷಣವಾಗಬಲ್ಲದು ಎಂದಿತು. ನಮ್ಮಲ್ಲೂ ಇಡೀ ವರ್ಗಕ್ಕೆ ಕೈಹಾಕಿದರೆ ಅದಕ್ಕೆ ಸಮರ್ಥನೆ ಕೇಳುವ ಅಧಿಕಾರ ರಿಜಿಸ್ಟ್ರಾರರಿಗಿದೆ. ನೋಂದಣಿ ಸಿಕ್ಕಿತೆಂದೇ ಇಟ್ಟುಕೊಳ್ಳೋಣ. ಐದು ವರ್ಷ ಮತ್ತು ಮೂರು ತಿಂಗಳು ಬಳಸದೆ ಬಿಟ್ಟ ಸರಕಿನ ಮೇಲಿನ ನೋಂದಣಿ ತೆಗೆಸಲು 47ನೇ ಸೆಕ್ಷನ್ ದಾರಿ ಮಾಡಿಕೊಟ್ಟಿದೆ. ಹಾಗಾಗಿ ಅಳತೆ ಇಷ್ಟೇ: ಇಂದು ಮಾರುತ್ತಿರುವುದು, ಮತ್ತು ನಾಳೆ ಮಾರುವ ನಿಜವಾದ ಯೋಜನೆ ಇರುವುದು.

ಪದಗಳ ಆಯ್ಕೆ

ಅರ್ಜಿ ಇಂಗ್ಲಿಷ್ ಅಥವಾ ಹಿಂದಿಯಲ್ಲಿರಬೇಕು. ನಮ್ಮ ಕನ್ನಡದ ತಿನಿಸುಗಳಿಗೆ ತೊಡಕು ಬರುವುದು ಇಲ್ಲೇ. ಕೋಡುಬಳೆ ಎಂದು ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ ಪರೀಕ್ಷಕರಿಗೆ ಏನು ತಿಳಿದೀತು? ಅಕ್ಕಿಹಿಟ್ಟಿನಿಂದ ಕರಿದು ಮಾಡಿದ ಕುರುಕಲು ತಿಂಡಿ ಎಂಬ ಅರ್ಥ ಬರುವಂತೆ ಬರೆದು, ಬೇಕಿದ್ದರೆ ಹೆಸರನ್ನು ಜೊತೆಗಿಡಬೇಕು. ಅಕ್ಕಿ, ಧಾನ್ಯದ ತಿಂಡಿಗಳು 30ನೇ ವರ್ಗ. ಅದೇ ಅಂಗಡಿಯ ಪಕ್ಕದ ಡಬ್ಬಿಯಲ್ಲಿರುವ ಹಲಸಿನ ಚಿಪ್ಸ್, ಆಲೂಗಡ್ಡೆ ಚಿಪ್ಸ್ 29. ಉಪ್ಪಿನಕಾಯಿ 29, ಚಟ್ನಿ ಮತ್ತು ಸಾಂಬಾರ್ ಪುಡಿ 30. 'ಕುರುಕಲು ತಿಂಡಿ' ಎಂದಷ್ಟೇ ಬರೆದರೆ ಯಾವ ವರ್ಗವೆಂದು ಯಾರಿಗೂ ಗೊತ್ತಾಗುವುದಿಲ್ಲ. ಮೂಲ ಪದಾರ್ಥ ಹೇಳಿದ ಕೂಡಲೇ ಗೊತ್ತಾಗುತ್ತದೆ.

'ಇತ್ಯಾದಿ', 'ಮುಂತಾದವು', 'ಬಿಡಿಭಾಗಗಳು' ಎಂಬ ಪದಗಳನ್ನು ಕಂಡಲ್ಲಿ ಹೊಡೆದುಹಾಕಿ. 'ಸೇರಿದಂತೆ' ಎಂಬುದು ಬಾಗಿಲನ್ನು ತೆರೆದೇ ಇಡುತ್ತದೆ, 'ಅಂದರೆ' ಎಂಬುದು ಮುಚ್ಚುತ್ತದೆ. 'ಉಡುಪುಗಳು, ಅಂದರೆ ರೇಷ್ಮೆ ಸೀರೆಗಳು' ಎಂದರೆ ಸೀರೆಗಳಷ್ಟೇ. 'ರೇಷ್ಮೆ ಸೀರೆಗಳು ಸೇರಿದಂತೆ ಉಡುಪುಗಳು' ಎಂದರೆ ಅಂಗಿಯೂ ಬಂತು, ಲಂಗವೂ ಬಂತು. ಒಂದೊಂದು ಸರಕಿನ ನಡುವೆ ಅರ್ಧವಿರಾಮ (;) ಹಾಕುವ ಅಭ್ಯಾಸ ಒಳ್ಳೆಯದು. ಅಲ್ಪವಿರಾಮ ಹಾಕಿದರೆ ವಿಶೇಷಣ ಯಾವುದಕ್ಕೆ ಅಂಟಿಕೊಂಡಿದೆ ಎಂಬ ಅನುಮಾನ ಉಳಿಯುತ್ತದೆ.

ಇನ್ನೊಬ್ಬರ ಬ್ರಾಂಡನ್ನು ಸರಕಿನ ಹೆಸರಾಗಿ ಬರೆಯಬಾರದು. ನಮ್ಮ ಮನೆಗಳಲ್ಲಿ ವನಸ್ಪತಿಗೆ ಡಾಲ್ಡಾ ಎಂದೇ ಹೆಸರು, ನಕಲು ಪ್ರತಿಗೆ ಜೆರಾಕ್ಸ್. ಎರಡೂ ಬ್ರಾಂಡುಗಳು. ಅರ್ಜಿಯಲ್ಲಿ 'ವನಸ್ಪತಿ', 'ಫೋಟೊಕಾಪಿ ಯಂತ್ರ' ಎಂದೇ ಬರೆಯಬೇಕು.

ಅಭ್ಯಾಸಕ್ಕೊಂದು ಲೆಕ್ಕ ಕೊಡುತ್ತೇನೆ, ನಾನೂ ಇದರಿಂದಲೇ ಕಲಿತದ್ದು. ರಾಗಿಯನ್ನು ತೆಗೆದುಕೊಳ್ಳಿ. ಕಣದಿಂದ ಬಂದ, ಸಂಸ್ಕರಿಸದ ರಾಗಿ ಕಾಳು 31. ರಾಗಿ ಹಿಟ್ಟು 30. ಎಳೆಮಗುವಿಗೆ ತಿನ್ನಿಸುವ ರಾಗಿ ಸರಿಯನ್ನು ಶಿಶು ಆಹಾರವೆಂದು ಮಾರಿದರೆ 5. ದನಕ್ಕೆ ಹಾಕುವ ರಾಗಿ ಹುಲ್ಲು ಮತ್ತೆ 31. ಒಂದೊಂದಕ್ಕೂ ಒಂದೊಂದು ಸಾಲಿನ ವಿವರಣೆ ಬರೆಯಿರಿ. ಬರೆದ ಕಾಗದವನ್ನು ರಾಗಿ ಮಾರುವವರೊಬ್ಬರಿಗೆ ಓದಿ ಹೇಳಿ, ಕಪಾಟಿನಲ್ಲಿ ಅದು ಯಾವ ಪೊಟ್ಟಣವೆಂದು ಕೇಳಿ. ಅವರು ತಡವರಿಸದೆ ಕೈತೋರಿಸಿದ ಸಾಲುಗಳನ್ನು ಉಳಿಸಿಕೊಂಡು, ತಡವರಿಸಿದ ಸಾಲುಗಳನ್ನು ಮತ್ತೆ ಬರೆಯಿರಿ.