ಹೊಸ ಲೇತ್ ಟಕ್ ಟಕ್ ಅನ್ನುತ್ತಿದೆ, ಬೇರಿಂಗ್ ಹೋಗಿದೆಯೇ?

ಪ್ರಶ್ನೆ: ಲೇತ್ (ಲೋಹದ ತುಂಡನ್ನು ತಿರುಗಿಸಿ ಕಡೆಯುವ ಯಂತ್ರ) ಹೊಸದು. ತುಂಡು ಹಿಡಿಯುವ ಚಕ್‌ನಲ್ಲಿ ಜಾಬ್ (ಕಡೆಯಬೇಕಾದ ತುಂಡು) ಇಲ್ಲದಿದ್ದರೂ ಹೆಡ್‌ಸ್ಟಾಕ್, ಅಂದರೆ ಚಕ್ ಹಿಂದಿನ ಪೆಟ್ಟಿಗೆಯ ಕಡೆಯಿಂದ ಟಕ್ ಟಕ್ ಸದ್ದು ಬರುತ್ತದೆ. ವೇಗ ಏರಿಸಿದರೆ ಅದೇ ಗುರ್ರ್ ಎನ್ನುತ್ತದೆ. ಸ್ಪಿಂಡಲ್ (ಚಕ್ ತಿರುಗಿಸುವ ದಂಡ) ಬೇರಿಂಗ್ ಹಾಳಾಗಿದೆಯೇ?

ಉತ್ತರ: ಇರಲಿಕ್ಕಿಲ್ಲ. ಸದ್ದು ಬಂತೆಂದರೆ ಮೊದಲು ಬೈಸಿಕೊಳ್ಳುವುದು ಬೇರಿಂಗೇ, ಆದರೆ ಬಹಳ ಸಲ ಸಿಕ್ಕಿಬೀಳುವುದು ಚೇಂಜ್ ಗೇರ್ (ಸ್ಪಿಂಡಲ್‌ನ ಓಟವನ್ನು ಟೂಲ್ ಸರಿಸುವ ಭಾಗಗಳಿಗೆ ತಲುಪಿಸುವ ಗೇರ್) ಇಲ್ಲವೇ ಬೆಲ್ಟ್. ಸದ್ದಿನ ಬಗೆಯನ್ನಷ್ಟೇ ಕೇಳಿ ಊಹಿಸಬೇಡಿ. ತಿರುಗುವ ಭಾಗಗಳನ್ನು ಒಂದೊಂದಾಗಿ ಬಿಡಿಸುತ್ತಾ ಹೋಗಿ, ಯಾವುದನ್ನು ಬಿಡಿಸಿದಾಗ ಸದ್ದು ನಿಂತಿತೋ ಅಲ್ಲಿ ಹುಡುಕಿ.

ಅದಕ್ಕೂ ಮೊದಲು ಆಯಿಲ್ ನೋಡಿ. ಎಷ್ಟೋ ಲೇತ್‌ಗಳನ್ನು ಹೆಡ್‌ಸ್ಟಾಕ್‌ಗೆ ಆಯಿಲ್ ತುಂಬದೆಯೇ ಸಾಗಿಸುತ್ತಾರೆ. ಗಾಜಿನ ಕಿಂಡಿಯಲ್ಲಿ ಮಟ್ಟ ಕಾಣದಿದ್ದರೆ ಯಂತ್ರ ಓಡಿಸಲೇಬೇಡಿ.

ಈಗ ಫೀಡ್ (ಟೂಲ್ ತಾನಾಗಿ ಸರಿಯುವುದು) ದಿಕ್ಕು ಬದಲಿಸುವ ಲಿವರನ್ನು ನ್ಯೂಟ್ರಲ್‌ಗೆ ತನ್ನಿ. ಚೇಂಜ್ ಗೇರ್, ಫೀಡ್ ಗೇರ್‌ಬಾಕ್ಸ್, ಟೂಲ್ ಸರಿಸುವ ಉದ್ದನೆಯ ಲೀಡ್ ಸ್ಕ್ರೂ ಎಲ್ಲವೂ ನಿಲ್ಲುತ್ತವೆ, ಸ್ಪಿಂಡಲ್ ಮತ್ತು ಅದನ್ನು ಓಡಿಸುವ ಭಾಗಗಳು ಮಾತ್ರ ತಿರುಗುತ್ತವೆ. ಸದ್ದೂ ನಿಂತಿತೇ? ಬೇರಿಂಗ್ ನಿರ್ದೋಷಿ. ನಿಲ್ಲದಿದ್ದರೆ ಮೇನ್ ಸ್ವಿಚ್ ಆಫ್ ಮಾಡಿ, ಬೆಲ್ಟ್ ಬಿಚ್ಚಿ, ಮೋಟರ್ ಒಂದನ್ನೇ ಓಡಿಸಿ. ಮೋಟರ್ ಸದ್ದಿಲ್ಲದೆ ತಿರುಗಿದರೆ ಮತ್ತೆ ಆಫ್ ಮಾಡಿ, ಸ್ಪಿಂಡಲನ್ನು ಕೈಯಿಂದ ನಿಧಾನ ತಿರುಗಿಸಿ. ಒಂದೇ ಜಾಗದಲ್ಲಿ ಕೈಗೆ ತಡೆ ಸಿಕ್ಕರೆ ಅದು ಗೇರ್ ಹಲ್ಲು, ಸುತ್ತಿಡೀ ಮರಳು ಅರೆದಂತಿದ್ದರೆ ಬೇರಿಂಗ್.

ಟಕ್ ಟಕ್ ಸದ್ದನ್ನು ಎಣಿಸಬಹುದು. ಚಕ್ ಮೇಲೆ ಚಾಕ್‌ಪೀಸ್‌ನಿಂದ ಒಂದು ಗೆರೆ ಎಳೆದು, 60 ಆರ್‌ಪಿಎಂನಲ್ಲಿ (ನಿಮಿಷಕ್ಕೆ 60 ಸುತ್ತು) ಓಡಿಸಿ. 30 ಸೆಕೆಂಡಿಗೆ 30 ಸಲ ಬಡಿದರೆ ದೋಷ ಸ್ಪಿಂಡಲ್ ವೇಗದಲ್ಲೇ ತಿರುಗುವ ಭಾಗದಲ್ಲಿದೆ. 15 ಸಲವಾದರೆ ಅದರ ಅರ್ಧ ವೇಗದ ಗೇರ್ ಹುಡುಕಿ. ಸಾಮಾನ್ಯವಾಗಿ ಸಾಗಣೆಯಲ್ಲೋ ಜೋಡಣೆಯಲ್ಲೋ ಪೆಟ್ಟು ಬಿದ್ದು ಒಂದು ಹಲ್ಲಿನ ಅಂಚು ಉಬ್ಬಿರುತ್ತದೆ. ಕಣ್ಣಿಗೆ ಕಾಣದಿದ್ದರೂ ಉಗುರು ಸವರಿದರೆ ಸಿಕ್ಕುತ್ತದೆ. ಕರೆಂಟ್ ತೆಗೆದು, ಗೇರ್ ಬಿಚ್ಚಿ, ಸಣ್ಣ ಸೂಜಿ ಅರದಿಂದ ಉಬ್ಬನ್ನಷ್ಟೇ ತೆಗೆಯಿರಿ. ಹಲ್ಲಿನ ಆಕಾರ ಮುಟ್ಟಬೇಡಿ.

ಎಣಿಸಲಾಗದಂತೆ ಒಂದೇ ಸಮ ಕಿರುಚಿದರೆ ಚೇಂಜ್ ಗೇರ್‌ಗಳು ಬಿಗಿಯಾಗಿ ಕೂತಿವೆ, ಕಟಕಟ ಎಂದರೆ ಸಡಿಲ. ಎರಡು ಗೇರ್‌ಗಳ ನಡುವೆ ಸುದ್ದಿಪತ್ರಿಕೆಯ ಒಂದು ಚೂರು ಇಟ್ಟು, ಒತ್ತಿ ಹಿಡಿದು ಬೋಲ್ಟ್ ಬಿಗಿಮಾಡಿ, ಆಮೇಲೆ ಕೈಯಿಂದ ತಿರುಗಿಸಿ ಕಾಗದ ಹೊರತೆಗೆಯಿರಿ. ಕಾಗದ ಹರಿಯದೆ, ಹಲ್ಲಿನ ಅಚ್ಚು ಮೂಡಿಸಿಕೊಂಡು ಬರಬೇಕು. ನೇರ ಹಲ್ಲಿನ ಗೇರ್‌ಗಳು ಎಷ್ಟು ಸರಿಮಾಡಿದರೂ ಸ್ವಲ್ಪ ಹಾಡುತ್ತವೆ. ಅದು ರೋಗವಲ್ಲ.

ಬೆಲ್ಟ್ ವಿಚಾರ ಸುಲಭ. ಮಡಿಸಿಟ್ಟ ವಿ-ಬೆಲ್ಟ್ ಆ ಮಡಿಕೆಯನ್ನು ನೆನಪಿಟ್ಟುಕೊಂಡು ಧಪ್ ಧಪ್ ಎನ್ನುತ್ತದೆ. 15-20 ನಿಮಿಷ ಓಡಿ ಬಿಸಿಯಾದ ಮೇಲೆ ತಗ್ಗಿದರೆ ಬಿಟ್ಟುಬಿಡಿ. ಕಪ್ಪು ಪುಡಿ ಉದುರುತ್ತಿದ್ದರೆ ಪುಲ್ಲಿಗಳು ಒಂದೇ ನೇರದಲ್ಲಿ ಇಲ್ಲದಿರಬಹುದು, ನೇರ ಪಟ್ಟಿ ಇಟ್ಟು ನೋಡಿ.

ಕೊನೆಗೂ ಬೇರಿಂಗ್ ಮೇಲೇ ಅನುಮಾನ ಉಳಿದರೆ ಸೂಕ್ಷ್ಮ ಅಲುಗಾಟ ಅಳೆಯುವ ಡಯಲ್ ಗೇಜ್ ತನ್ನಿ. ಗೇಜ್‌ನ ತುದಿಯನ್ನು ಚಕ್‌ಗಲ್ಲ, ಸ್ಪಿಂಡಲ್ ಮೂತಿಗೇ ಮುಟ್ಟಿಸಿ, ಸ್ಪಿಂಡಲ್ ರಂಧ್ರದಲ್ಲಿ ಮರದ ಕೋಲು ತೂರಿಸಿ ಮೇಲಕ್ಕೆತ್ತಿ. ಟೇಪರ್ ರೋಲರ್ ಬೇರಿಂಗ್ ಇರುವ ಯಂತ್ರದಲ್ಲಿ ಸೂಜಿ 0.02 ಮಿ.ಮೀ.ಗಿಂತ ಹೆಚ್ಚು ಸರಿದರೆ ಪ್ರೀಲೋಡ್ (ಬೇರಿಂಗನ್ನು ಮೊದಲೇ ಬಿಗಿಮಾಡಿಟ್ಟ ಒತ್ತಡ) ಸಡಿಲವಾಗಿರಬಹುದು. ಅತಿ ಬಿಗಿಯಾದರೂ ತೊಂದರೆಯೇ: ಅರ್ಧ ಗಂಟೆ ಓಡಿದ ಮೇಲೆ ಯಂತ್ರ ನಿಲ್ಲಿಸಿ ಬೇರಿಂಗ್ ಕವಚ ಮುಟ್ಟಿ, ಬೆಚ್ಚಗಿದ್ದರೆ ಸರಿ, ಕೈ ಇಡಲಾಗದಷ್ಟು ಸುಟ್ಟರೆ ಪ್ರೀಲೋಡ್ ಹೆಚ್ಚಾಗಿದೆ ಅಥವಾ ಆಯಿಲ್ ತಲುಪುತ್ತಿಲ್ಲ.

ಪ್ರೀಲೋಡ್ ಹೊಂದಿಸುವ ನಟ್‌ಗೆ ಕೈಹಾಕುವ ಮುನ್ನ ವಾರಂಟಿ ಷರತ್ತು ಓದಿ. ಸದ್ದಿನ ವಿಡಿಯೋ, ಆಗಿನ ಆರ್‌ಪಿಎಂ ಮತ್ತು ಯಾವ ಲಿವರ್ ಎಲ್ಲಿತ್ತು ಎಂಬುದನ್ನು ಬರೆದು ಮಾರಿದವರಿಗೆ ಕಳಿಸಿ. ಹೆಡ್‌ಸ್ಟಾಕ್ ಬಿಚ್ಚಿದ ಮೇಲೆ ಹೇಳಿದರೆ ಅವರು ಕೇಳಲಿಕ್ಕಿಲ್ಲ.